ಬದುವಿನಲ್ಲಿದ್ದ ಗ್ಯಾಲಕ್ಸಿ

ಒಂದು ಮಸುಕು ಮಚ್ಚೆಗಾಗಿ ದೀನಾ ಬೆಳಗಿನಿಂದ ಹಟ ಹಿಡಿದು ಕೂತಿದ್ದಳು. ಪಿಎಚ್‌ಡಿಗೆ ಸೇರಿದಾಗಿನಿಂದ ಅವಳದು ಒಂದೇ ಕೆಲಸ. ದೂರದ ಗ್ಯಾಲಕ್ಸಿಗಳ ರೇಡಿಯೊ ಅಲೆಗಳನ್ನು ಬೇರೆ ಬೇರೆ ಆವರ್ತನಗಳಲ್ಲಿ ಹಿಡಿದ ಚಿತ್ರಗಳನ್ನು ಒಂದರ ಮೇಲೊಂದಿಟ್ಟು, ಕಂಡದ್ದನ್ನು ಪಟ್ಟಿಗೆ ಸೇರಿಸಬೇಕು. ಕಡಿಮೆ ಆವರ್ತನದಲ್ಲಿ ಕಂಡದ್ದು ಹೆಚ್ಚಿನದರಲ್ಲೂ ಕಾಣಬೇಕು. ಕಾಣದಿದ್ದರೆ ಅದು ಬರೀ ಗದ್ದಲ, ಉಪಕರಣದ ಸುಳ್ಳು ಗುರುತು, ಅಳಿಸಿಬಿಡಬೇಕೆಂದು ಗೈಡ್ ಶಶಿಕಾಂತ ಸರ್ ಕಟ್ಟಪ್ಪಣೆ ಮಾಡಿದ್ದರು.

ಈ ಮಚ್ಚೆಯೋ, ಕಡಿಮೆ ಆವರ್ತನದಲ್ಲಿ ಹೊಗೆಯಂತೆ ಹರಡಿತ್ತು, ಹೆಚ್ಚಿನದರಲ್ಲಿ ನಾಪತ್ತೆ. ಸಂಜೆಯೊಳಗೆ ಪಟ್ಟಿ ಪುಣೆಯ ರೇಡಿಯೊ ದೂರದರ್ಶಕ ಕೇಂದ್ರಕ್ಕೆ ಹೋಗಬೇಕು. ಒಮ್ಮೆ ಅಳಿಸಿದರೆ ಅದನ್ನು ಮತ್ತೆ ಹುಡುಕುವವರು ಯಾರೂ ಇಲ್ಲ. ಇದು ಗದ್ದಲವಲ್ಲವೆಂದು ಅವಳ ಮನಸ್ಸು ಸಾರಿ ಹೇಳುತ್ತಿತ್ತು. ಆದರೆ ಮನಸ್ಸು ಹೇಳಿದ್ದನ್ನು ಬರೆಯಲು ಪಟ್ಟಿಯಲ್ಲಿ ಕಾಲಮ್ ಇರಬೇಕಲ್ಲ!

“ಅಕ್ಕಾರ, ತಗದು ಬಿಡ್ರಿ,” ಎಂದ ಪಕ್ಕದ ಮೇಜಿನ ಮಾಲತೇಶ. ಅವಳಿಗಿಂತ ಒಂದು ವರ್ಷ ತಡವಾಗಿ ಸೇರಿದವನು. “ನಂದೂ ಒಂದು ಹಂಗ ಇತ್ತು. ಮುಂಜಾನೆನ ತಗದು ಒಗದೆ.”

“ಎಲ್ಲಿತ್ತೋ ಅದು?”

“ಎಡಗಡೆ ಅಂಚಿನ್ಯಾಗ.”

ದೀನಾಳ ಮಚ್ಚೆ ಬಲಗಡೆ ಅಂಚಿನಲ್ಲಿತ್ತು. ಕೆಲಸ ಬೇಗ ಮುಗಿಯಲೆಂದು ಇವರಿಬ್ಬರು ಆಕಾಶವನ್ನು ಅಣ್ಣತಮ್ಮಂದಿರು ಹೊಲ ಹಂಚಿಕೊಂಡಂತೆ ತುಂಡು ತುಂಡಾಗಿ ಪಾಲು ಮಾಡಿಕೊಂಡಿದ್ದರು; ಇಲ್ಲಿ ಎಡದ ತುಂಡು ಅವಳದು, ಅದಕ್ಕೆ ಹೊಂದಿಕೊಂಡ ಬಲದ್ದು ಅವನದು. ಅಂಚಿನಲ್ಲಿ ಗದ್ದಲ ಜಾಸ್ತಿಯೆಂದು ಇಬ್ಬರೂ ತಮ್ಮ ತಮ್ಮ ಕಡೆಯಿಂದ ಒಂದಿಷ್ಟು ಕತ್ತರಿಸಿದ್ದರು. ನಡುವಿನ ಬದುವನ್ನು ಯಾರೂ ನೋಡಿರಲೇ ಇಲ್ಲ.

ಇಬ್ಬರ ಪಾಲಿನ ಕತ್ತರಿಸದ ಮೂಲ ಚಿತ್ರಗಳನ್ನು ತೆರೆದು ಅವಳು ಜೋಡಿಸಿದಳು. ಎರಡು ಮಚ್ಚೆಗಳು ಎದುರುಬದುರಾದವು. ಅವುಗಳ ಮೇಲೆ ಹೆಚ್ಚಿನ ಆವರ್ತನದ ಚಿತ್ರವನ್ನು ಇಟ್ಟಳು. ಬದುವಿನಲ್ಲಿ, ಎರಡಕ್ಕೂ ಸರೀ ನಡುವೆ, ಸೂಜಿಮೊನೆಯಷ್ಟು ಚುರುಕಾದ ಒಂದು ಬಿಂದು. ಅದರಿಂದ ಎರಡೂ ಕಡೆಗೆ ಎಳೆಯಷ್ಟು ಸಣ್ಣ ಗೆರೆಗಳು ಹೊರಟಿದ್ದವು. ಎರಡು ಮಚ್ಚೆಗಳಲ್ಲ, ಇದು ಒಂದೇ ಗ್ಯಾಲಕ್ಸಿ. ಅದರ ನಡುವಿನ ಕಪ್ಪುಕುಳಿ ಎಂದೋ ಅತ್ತಲೂ ಇತ್ತಲೂ ಚಿಮ್ಮಿಸಿದ್ದೇ ಈ ಹೊಗೆ; ಹಳತಾಗಿ ಕಸುವು ಕಳೆದುಕೊಂಡು ಕಡಿಮೆ ಆವರ್ತನದಲ್ಲಷ್ಟೇ ಉಳಿದಿತ್ತು.

ದೀನಾ ಅದರ ಅಳತೆ ಲೆಕ್ಕ ಹಾಕಿದಳು. ಒಂದು ತುದಿಯಿಂದ ಇನ್ನೊಂದಕ್ಕೆ ಬೆಳಕಿಗೇ ಐವತ್ತು ಲಕ್ಷ ವರ್ಷದ ದಾರಿ. ಈ ತುದಿ ಬಿಟ್ಟ ಬೆಳಕು ಆ ತುದಿ ಮುಟ್ಟುವಷ್ಟರಲ್ಲಿ ಮನುಷ್ಯ ಎರಡು ಕಾಲ ಮೇಲೆ ನಿಂತು, ಮಾತು ಕಲಿತು, ಈ ಊರಿನ ಸಪ್ತಾಪುರ ಬಡಾವಣೆಯಲ್ಲಿ ಬಾಡಿಗೆ ರೂಮು ಹುಡುಕುವ ಮಟ್ಟಕ್ಕೆ ಬಂದಿದ್ದಾನೆ. ಇಷ್ಟು ದೊಡ್ಡದನ್ನು ತಾನು ಅಳಿಸಲಿದ್ದೆನಲ್ಲ ಎಂದು ಅವಳಿಗೆ ಹೆದರಿಕೆಯಾಯಿತು, ಕಣ್ಣೂ ತುಂಬಿತು.

“ಇನ್ನೂ ತಗದಿಲ್ಲೇನವಾ?” ಎನ್ನುತ್ತಲೇ ಶಶಿಕಾಂತ ಸರ್ ಒಳಗೆ ಬಂದರು. ದೀನಾ ಪರದೆಯನ್ನು ಅವರತ್ತ ತಿರುಗಿಸಿದಳು. ಸರ್ ನಿಂತೇ ನೋಡಿದರು, ಆಮೇಲೆ ಕುರ್ಚಿ ಎಳೆದುಕೊಂಡು ಕೂತರು. ನಡುವಿನ ಬಿಂದುವಿನಿಂದ ಎರಡೂ ಕಡೆಯ ಹೊಗೆಯವರೆಗೆ ಬೆರಳಾಡಿಸಿದರು.

“ಪಟ್ಟಿ ಇವತ್ತ ಕಳಸೂದು ಬ್ಯಾಡ,” ಎಂದರು ಕೊನೆಗೆ, ಮೆತ್ತಗೆ. “ನಾವು ಹಾಕಿದ ಬದು ಇದೊಂದ ಅಲ್ಲಲ್ಲ.”

ಮಾಲತೇಶನೂ ಕುರ್ಚಿ ತಂದ. ದೀನಾ ಮುಂದಿನ ಬದುವನ್ನು ತೆರೆದಳು, ಮೂವರೂ ಉಸಿರು ಹಿಡಿದು ಬಾಗಿದರು.