ಆರು ಬಾಟಲಿ, ಒಂದು ಮೂಗು

ಇಪ್ಪತ್ತೆಂಟು ವರ್ಷ ವೈನ್ ಕಾರ್ಖಾನೆಯಲ್ಲಿ ರುಚಿ ನೋಡುವ ಕೆಲಸ ಮಾಡಿ ನಿವೃತ್ತಳಾದವಳನ್ನು ಅಲ್ಲಿಯವರು ಆರು ಬಾಟಲಿ ಕೆಂಪು ವೈನ್ ಕೊಟ್ಟು ಬೀಳ್ಕೊಟ್ಟರು. ಮೂಸಿ, ನಾಲಿಗೆಗೆ ಹಚ್ಚಿ, ಪೀಪಾಯಿಯಿಂದ ಬಾಟಲಿಗೆ ಇಳಿಸಲು ಅವಳು ಒಪ್ಪಿಗೆ ಕೊಟ್ಟ ಕಡೆಯ ವೈನು ಅದು.

ಗಂಡ ದರ್ಜಿ, ಮನೆಯ ಮುಂಗೋಣೆಯೇ ಅವನ ಅಂಗಡಿ. ಬಾಟಲಿಗಳನ್ನು ಮೆಟ್ಟಿಲ ಕೆಳಗಿನ ತಂಪು ಗೂಡಿನಲ್ಲಿ, ಬಿರಡೆ ಒಣಗದಂತೆ ಅಡ್ಡ ಮಲಗಿಸಿದ್ದಾಯಿತು. ಹದಕ್ಕೆ ಬರಲು ಎಷ್ಟು ವರ್ಷ ಇಡಬೇಕು ಎಂಬುದು ಮಾತ್ರ ಇತ್ಯರ್ಥವಾಗಲಿಲ್ಲ.

“ಹದಿನೈದು ವರ್ಷ ಮುಟ್ಟಬೇಡಿ,” ಎಂದ ಅವಳ ಅಣ್ಣ. ಹಡಗುಗಳಲ್ಲಿ ಊಟ ಬಡಿಸುತ್ತ ಲೋಕ ಸುತ್ತಿದ್ದ ಅವನಿಗೆ ಮನೆಯಲ್ಲಿ ‘ಎಲ್ಲಬಲ್ಲ’ ಎಂದೇ ಅಡ್ಡಹೆಸರು.

“ಅಷ್ಟೊತ್ತಿಗೆ ನನಗೆ ಎಂಬತ್ತು,” ಎಂದ ದರ್ಜಿ. “ಬಿರಡೆ ಕೀಳೋಕೆ ಕೈಯಲ್ಲಿ ಶಕ್ತಿನಾದ್ರೂ ಇರಬೇಕಲ್ಲ ಭಾವ.”

ಅವಳು ಇಬ್ಬರ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. “ಆಗಾಗ ಒಂದು ತೆಗೆದು ನೋಡೋಣ. ಯಾವಾಗ ಅಂತ ಅದೇ ಹೇಳತ್ತೆ.”

ಮರುವರ್ಷ ಮೊದಲನೆಯದನ್ನು ತೆಗೆದರು. ಒಗರು ಬಾಯಿ ಕಟ್ಟಿತು. ಹಣ್ಣಿನ ಪರಿಮಳ ಒಳಗೆಲ್ಲೋ ಮುದುಡಿ ಕುಳಿತಿತ್ತು. ಇನ್ನೂ ಐದಾರು ವರ್ಷ ಬೇಕಾದೀತು ಎಂದುಕೊಂಡಳು.

ಮೂರನೆಯ ವರ್ಷ ಅವಳಿಗೆ ಜ್ವರ ಬಂತು. ವಾರದಲ್ಲಿ ಬಿಟ್ಟಿತಾದರೂ ಹೋಗುವಾಗ ಮೂಗಿನ ಶಕ್ತಿಯನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಕಾಫಿ ಬರೀ ಬಿಸಿನೀರಾಯಿತು. ಇಸ್ತ್ರಿಪೆಟ್ಟಿಗೆ ಬಟ್ಟೆ ಸುಡುತ್ತಿದ್ದರೂ ಪಕ್ಕದಲ್ಲೇ ಸುಮ್ಮನೆ ಕುಳಿತಿದ್ದಳು. “ಬಂದರೂ ಬರಬಹುದು, ಕಾದು ನೋಡಬೇಕು,” ಎಂದರು ವೈದ್ಯೆ. ಎರಡು ವರ್ಷ ಕಾದದ್ದಾಯಿತು. ಮೆಟ್ಟಿಲ ಕೆಳಗೆ ಇಣುಕುವುದನ್ನೂ ಅವಳು ಬಿಟ್ಟುಬಿಟ್ಟಳು.

ಒಂದು ಭಾನುವಾರ ಮಧ್ಯಾಹ್ನ ದರ್ಜಿಯೇ ಬಾಟಲಿಯೊಂದನ್ನು ತಂದು ಮೇಜಿನ ಮೇಲಿಟ್ಟ.

“ನನಗೆ ಏನೂ ಗೊತ್ತಾಗಲ್ಲ ಅಂತ ಗೊತ್ತಿದ್ದೂ ಯಾಕೆ ತಂದ್ರಿ?”

“ನಿನ್ನ ನಾಲಿಗೆ ಎಲ್ಲೂ ಹೋಗಿಲ್ಲ, ಅದು ನನಗೆ ದಿನಾ ಗೊತ್ತಾಗ್ತಿದೆ. ಮೂಗಿನ ಕೆಲಸ ನನಗೆ ಬಿಡು.”

ಅವಳಿಗೆ ನಗು ತಡೆಯಲಾಗಲಿಲ್ಲ. ಅವನು ಲೋಟದೊಳಗೆ ಮೂಗು ಇಳಿಸಿ, “ವೈನಿನ ವಾಸನೆ,” ಎಂದ.

“ಪುಣ್ಯಾತ್ಮ, ಅದರೊಳಗೆ ಏನೇನಿದೆ ಹೇಳಿ.”

ಅವನು ಕಣ್ಣು ಮುಚ್ಚಿ ಮತ್ತೆ ಮೂಸಿದ. “ಹೊಸ ಉಣ್ಣೆ ಬಟ್ಟೆಯ ಗಂಟು ಬಿಚ್ಚಿದ ಹಾಗೆ. ಆಮೇಲೆ... ಜಾಮ್ ಮಾಡೋ ಪಾತ್ರೆ.”

“ಕುದೀತಾ ಇರೋದಾ, ತಳ ಹಿಡಿದಿದ್ದಾ?”

“ಕುದೀತಾ ಇರೋದು.”

ಹಾಗಾದರೆ ಕೆಟ್ಟಿಲ್ಲ. ಅವಳು ಒಂದು ಗುಟುಕು ಬಾಯಲ್ಲಿ ಆಡಿಸಿದಳು. ಪರಿಮಳವಿಲ್ಲದಿದ್ದರೂ ಹುಳಿ ನಾಲಿಗೆಯ ಅಂಚಿಗೆ ಸಿಕ್ಕಿತು. ಒಗರು ಒಸಡಿಗೆ ತಾಗಿತು, ಆದರೆ ಹಿಂದಿನಷ್ಟು ಒರಟಾಗಿರಲಿಲ್ಲ. “ಇನ್ನೆರಡು ವರ್ಷ,” ಎಂದಳು, ಕಾರ್ಖಾನೆಯಲ್ಲಿ ಹೇಳುತ್ತಿದ್ದ ಅದೇ ದನಿಯಲ್ಲಿ.

ಅಂದಿನಿಂದ ದರ್ಜಿ ಕಂಡದ್ದಕ್ಕೆಲ್ಲ ಮೂಗೊಡ್ಡತೊಡಗಿದ. ಸೋಪು, ಸೊಪ್ಪು, ರಿಪೇರಿಗೆ ಬಂದ ಕೋಟು, ಯಾವುದನ್ನೂ ಬಿಡಲಿಲ್ಲ. ಊಟದ ಹೊತ್ತಿಗೆ ಅವಳಿಗೆ ವರದಿ ಒಪ್ಪಿಸುತ್ತಿದ್ದ. ವಕೀಲರೊಬ್ಬರ ಕೋಟಿನ ಜೇಬಿನಲ್ಲಿ ಹುರಿದ ಮೀನಿನ ವಾಸನೆ ಹಿಡಿದ ದಿನ ಇಬ್ಬರೂ ಹೊಟ್ಟೆ ಹಿಡಿದು ನಕ್ಕರು.

ಏಳನೆಯ ವರ್ಷ ಮೂರನೆಯ ಬಾಟಲಿ ತೆಗೆಯುವಾಗ ಅಣ್ಣನೂ ಬಂದಿದ್ದ.

“ಉದುರಿದ ಎಲೆ,” ಎಂದ ದರ್ಜಿ. “ಹಳೇ ಚರ್ಮದ ಚೀಲ. ಹಣ್ಣೂ ಇದೆ, ಆದರೆ ಹೊರಡೋಕೆ ಚಪ್ಪಲಿ ಹಾಕ್ಕೊಂಡು ನಿಂತಿದೆ.”

ಅವಳು ಗುಟುಕರಿಸಿದಳು. ಒಗರು ಒಸಡಿನ ಮೇಲೆ ನುಣ್ಣಗೆ ಹರಿದು ಇಳಿಯಿತು. “ಇದೇ ಹದ. ಇನ್ನು ಕಾಯೋದು ಬೇಡ. ಉಳಿದ ಮೂರನ್ನೂ ಈ ವರ್ಷವೇ ಮುಗಿಸೋಣ.”

“ಇವರ ಮೂಗು ನಂಬ್ಕೊಂಡು ತೀರ್ಮಾನ ಮಾಡ್ತೀಯಾ?” ಎಂದ ಅಣ್ಣ.

“ನಾನೇ ಪಳಗಿಸಿದ ಮೂಗು ಅಣ್ಣ. ಮೊದಲು ನೀನು ಕುಡಿದು ನೋಡು.”

ಅಣ್ಣ ಕುಡಿದ. ಹದಿನೈದು ವರ್ಷದ ಮಾತೆತ್ತದೆ ಖಾಲಿ ಲೋಟವನ್ನು ಮುಂದೆ ಚಾಚಿದ.

ಅವಳಿಗೆ ಆ ದಿನವೂ ಪರಿಮಳ ಸಿಗಲಿಲ್ಲ. ಅದರ ಕೊರಗೂ ಇರಲಿಲ್ಲ. “ಎಲೆ ಅಂದ್ರಲ್ಲ, ಒದ್ದೆದಾ, ಒಣಗಿದ್ದಾ? ಸರಿಯಾಗಿ ಹೇಳಿ,” ಎಂದು ಗಂಡನ ಕಡೆ ಕುರ್ಚಿ ಎಳೆದುಕೊಂಡಳು.