ಶಾಲಿನ ನೇರಳೆ

ಯಂತ್ರದ ಬಾಯಿಂದ ಕಾಗದ ನಾಲಿಗೆ ಚಾಚಿದ ಹಾಗೆ ಬರುತ್ತಿದೆ, ಮೊದಲು ಆಕಾಶ, ಆಮೇಲೆ ಹೆಂಡತಿಯ ಕೂದಲು, ಹಣೆ, ಆ ನಗು, ಅಲ್ಲಿಯವರೆಗೆ ಎಲ್ಲ ಸರಿ, ಇನ್ನು ಹೆಗಲು, ಹೆಗಲ ಮೇಲಿನ ಶಾಲು, ಬಂತು — ಅಲ್ಲ, ಇದೂ ಅಲ್ಲ, ಇದು ಇಟ್ಟಿಗೆ ಪುಡಿ ಬೆರೆತ ನೀಲಿ, ಅವಳದು ನೇರಳೆ, ಹಣ್ಣು ಹಿಚುಕಿದರೆ ಬೆರಳಿಗೆ ಹತ್ತುವಂಥದು, ಒಗೆದು ಹಿತ್ತಿಲ ತಂತಿಗೆ ಹರವುತ್ತಿದ್ದಳು, ಮುದುಕ ಆಗ ಮುದುಕನಲ್ಲ, ಊಟದ ಡಬ್ಬಿ ಹಿಡಿದು ಕೆಲಸಕ್ಕೆ ಹೊರಟವನು, ಶಾಲಿನ ಅಂಚಿಗೊಂದು ಹನಿ ಬೀಳಲೋ ಬೇಡವೋ ಎಂದು ತೂಗುತ್ತಿತ್ತು — ಮಾವ, ಅತ್ತೇನ ನೋಡೋಕೆ ಹೋದಾಗ್ಲೂ ಹಿಂಗೇ ತಕರಾರು ತೆಗೆದಿದ್ರಾ, ಸೊಸೆ ನಗುತ್ತಾಳೆ, ಪ್ರಿಂಟಿಂಗ್ ಅಂಗಡಿ ಅವಳದೇ, ಇಲ್ಲಮ್ಮ, ತಕರಾರೆಲ್ಲ ನಿಮ್ಮತ್ತೆ ಕಡೆಯದು, ನಾನು ತಲೆ ಆಡಿಸಿದ್ದಷ್ಟೇ — ಹೆಂಡತಿ ತೀರಿಹೋದಳು, ಶಾಲೂ ಅವಳ ಜೊತೆಗೇ ಹೋಯಿತು, ನಡುಮನೆ ಗೋಡೆಗೆ ಹಾಕಲು ಉಳಿದದ್ದು ಈ ಒಂದೇ ಫೋಟೋ, ದೊಡ್ಡದಾಗಿ ಅಚ್ಚು ಹಾಕಿಸಬೇಕು, ಆದರೆ ಒಂದೊಂದು ತಪ್ಪು ಬಣ್ಣ ನೋಡಿದಾಗಲೂ ಕಣ್ಣೊಳಗಿನ ನೇರಳೆ ಅಷ್ಟಷ್ಟೇ ತೊಳೆದುಹೋಗುತ್ತಿದೆ, ಇನ್ನೂ ಒಂದೆರಡು ಹೀಗೇ ಬಂದರೆ ಯಾವುದು ಅವಳದು, ಯಾವುದು ಯಂತ್ರದ್ದು, ಗುರುತೇ ಸಿಗದೆ ಹೋದೀತು — ಅಯ್ಯೋ ನನ್ನ ಬುದ್ಧಿಗಿಷ್ಟು, ಸೊಸೆ ಹಣೆ ಚಚ್ಚಿಕೊಳ್ಳುತ್ತಾಳೆ, ನೋಡಿ ಮಾವ, ಸಾಫ್ಟ್‌ವೇರೂ ಬಣ್ಣ ತಿದ್ತಿದೆ, ಪ್ರಿಂಟರೂ ತಿದ್ತಿದೆ, ಇಬ್ಬರೂ ಒಂದೇ ಪಾತ್ರೆಗೆ ಉಪ್ಪು ಹಾಕ್ದಂಗಾಯ್ತು, ಒಬ್ಬರ ಕೈ ಬಿಡಿಸ್ತೀನಿ ತಾಳಿ, ಇಲ್ಲಿ ಯಂತ್ರಕ್ಕೆ ಮಿರುಗೋ ಕಾಗದ ಅಂತ ಬೇರೆ ಹೇಳಿಬಿಟ್ಟಿದ್ದೀನಿ, ಹಾಕಿರೋದು ಮಿರುಗದೇ ಇರೋದು, ಬಣ್ಣ ಕುಡಿಯದೆ ಏನು ಮಾಡುತ್ತೆ — ಮತ್ತೆ ನಾಲಿಗೆ, ಆಕಾಶ, ಕೂದಲು, ನಗು, ಮುದುಕ ಉಸಿರು ಬಿಗಿಹಿಡಿದ, ಶಾಲು ಬಂತು, ಬೂದಿ ಹೊದ್ದ ನೀಲಿ, ಅಲ್ಲೊಂದು ಇಲ್ಲೊಂದು ನೇರಳೆಯ ಎಳೆ, ಪರದೆಯ ಮೇಲೆ ಕಾಣುವುದೂ ಅದೇ, ಕಾಗದದ ಮೇಲೂ ಅದೇ, ಆದರೂ ಅಲ್ಲಮ್ಮ, ನಿನ್ನ ಯಂತ್ರಕ್ಕೆ ಅವಳ ಗುರುತಿಲ್ಲ — ಕಣ್ಣೊರೆಸಿ ಇನ್ನೊಮ್ಮೆ ನೋಡೋಣವೆಂದು ಕನ್ನಡಕ ತೆಗೆದ, ಅದನ್ನಿಡಲು ಕನ್ನಡಕದ ಡಬ್ಬಿ ತೆರೆದ, ತಾಳಿ ಮಾವ, ಒಳಗೆ ಹೊಲಿದಿರೋದು ಯಾವ ಬಟ್ಟೆ, ಇದು, ಇದು ಅವಳು ಶಾಲಿನ ಮೂಲೆ ಕತ್ತರಿಸಿ, ಗಾಜಿಗೆ ಗೀರು ಬೀಳಬಾರದು ಅಂತ — ದಿನಾ ಮುಟ್ಟುವ ಡಬ್ಬಿಯ ಒಳಗನ್ನು ಯಾರು ನೋಡುತ್ತಾರೆ, ಸೊಸೆ ಡಬ್ಬಿಯನ್ನು ಕಾಗದದ ಮೇಲಿಟ್ಟಳು, ಹಾಲಿಗೆ ಹಾಲು ಬೆರೆತಂತೆ ಒಂದೇ ಬಣ್ಣ, ಈಗೇನಂತೀರಿ ಮಾವ, ಹಾಗಾದರೆ ಇಷ್ಟು ವರ್ಷ ನಾನು ಕಣ್ಣಲ್ಲಿ ಇಟ್ಟುಕೊಂಡದ್ದು ಯಾರ ಶಾಲು, ಹೆಬ್ಬೆರಳು ತಾನಾಗಿ ನಾಲಿಗೆಗೆ ಹೋಯಿತು, ನಾಲಿಗೆಯಿಂದ ಬಟ್ಟೆಗೆ, ಒತ್ತಿದ, ಎತ್ತಿದ — ಅಗೋ, ನೇರಳೆ, ಬಟ್ಟೆ ಒದ್ದೆಯಾದಲ್ಲಿ ಹೆಬ್ಬೆರಳಗಲದ ನೇರಳೆ, ಕೆಲಸಕ್ಕೆ ಹೊರಡುವಾಗ ಶಾಲು ತಂತಿಯ ಮೇಲೆ ಒದ್ದೆ, ಬರುವಾಗ ಕತ್ತಲು, ಅವಳು ಹೊದ್ದದ್ದನ್ನು ಕಂಡದ್ದು ದೀಪದ ಬೆಳಕಲ್ಲಿ, ಒಣಗಿದ್ದನ್ನು ಹಗಲಲ್ಲಿ ಕಂಡವನೇ ಅಲ್ಲವಲ್ಲ ನಾನು, ಊರಿಗೆಲ್ಲ ಕಂಡದ್ದು ಈ ನೀಲಿ — ಇದನ್ನೇ ದೊಡ್ಡದು ಮಾಡಮ್ಮ, ಸರಿಯಾಗಿದೆ, ನಿಜವಾಗ್ಲೂನಾ ಮಾವ, ನಿಜವಾಗ್ಲೂ, ಗೋಡೆಗೆ ಇದೇ ಇರಲಿ — ಡಬ್ಬಿಯ ಒದ್ದೆ ಗುರುತು ಅಂಚಿನಿಂದ ಒಣಗುತ್ತಾ ಬರುತ್ತಿದೆ, ಒಣಗಲಿ, ತಂತಿ, ಬೆಳಗಿನ ಬಿಸಿಲು, ಶಾಲಿನ ಅಂಚು, ಅಂಚಿಗೆ ಹನಿ, ತೂಗುತ್ತಿದೆ, ಹನಿ, ಬಿದ್ದಿಲ್ಲ