ಲಿಲಾವಿನ ಮನೆಗೆ ಬಾಡಿಗೆದಾರ

"ನಾಲ್ಕು ರೂಪಾಯಿ ಬಾಡ್ಗೆ ಭಾಳಾತು, ಒಡೇರೆ," ಎಂದ ಮರದ ಗುತ್ತಿಗೆಯ ದತ್ತಾ. ರಸ್ತೆಯಲ್ಲೇ ನಿಂತಿದ್ದ. ಜಗಲಿ ಹತ್ತುವುದಿರಲಿ, ಅಂಗಳಕ್ಕೂ ಕಾಲಿಟ್ಟಿರಲಿಲ್ಲ.

"ಮಂಗ್ಳೂರು ಹಂಚು, ಬತ್ತದ ಬಾವಿ, ಬಾಗ್ಲೆದ್ರಿಗೇ ರಸ್ತೆ. ನಿನ್ನ ಗಾಡಿ ಹೊಡಿಯೋರು ಹತ್ತು ಜನ ಮಲಗ್ಬೋದು. ಮೂರೂವರೆ ಕೊಡು. ಆರ್ತಿಂಗ್ಳದ್ದು ಮುಂಗಡ," ಎಂದು ಹರಿಶ್ಚಂದ್ರ ಜಗಲಿಯಿಂದ ಕೂಗಿದ.

ಕಾರವಾರದ ಬೈತಖೋಲದಲ್ಲಿ ಮೂರು ಕೋಣೆ ಬಾಡಿಗೆಗೆ ಬಿಟ್ಟು ಪಳಗಿದ ಆಸಾಮಿ ಅವನು. ಹಟ್ಟಿಕೇರಿಯ ಹೊನ್ನ ಬ್ರಿಟಿಷ್ ಸರಕಾರಕ್ಕೆ ಕರ ಕೊಡುವುದಿಲ್ಲವೆಂದು ಹಟ ಹಿಡಿದು ಜೈಲಿಗೆ ಹೋದಾಗ, ಅವನ ಈ ಮನೆ ಲಿಲಾವಿಗೆ ಬಂತು. ಹರಾಜಿನಲ್ಲಿ ಊರವರು ಒಬ್ಬರೂ ಸವಾಲು ಕೂಗಲಿಲ್ಲ. ಕಾರವಾರದಿಂದ ಬಂದ ಹರಿಶ್ಚಂದ್ರ ಹೆಂಡತಿ ಹೀರಾಳ ಚಿನ್ನದ ಪಾಟಲಿ ಬಳೆ ಮಾರಿ ಕಾಲು ಬೆಲೆಗೆ ಹೊಡೆದುಕೊಂಡ. ಹೆಂಚು ನೋಡಿದ್ದ, ಬಾವಿಯ ಆಳ ನೋಡಿದ್ದ, ಗೆದ್ದಲು ಹಿಡಿದಿದೆಯೇ ಎಂದು ಕಂಬಗಳನ್ನು ಕುಟ್ಟಿ ನೋಡಿದ್ದ. ಹೊನ್ನನ ಹೆಂಡತಿ ದುರ್ಗಿ ಅತ್ತು ಕರೆದು ತವರಿಗೆ ಹೋಗುತ್ತಾಳೆ ಅಂದುಕೊಂಡಿದ್ದ, ಮಹಾ ಜಾಣ!

ದುರ್ಗಿ ತವರಿಗೆ ಹೋಗಲಿಲ್ಲ. ಮೂರು ದಿನದಿಂದ ಜಗಲಿಯ ಬಾಗಿಲ ಮೆಟ್ಟಿಲ ಮೇಲೆ ಉಪವಾಸ ಕೂತಿದ್ದಳು. ಒಳಗೆ ಹೋಗುವವರು ಅವಳನ್ನು ದಾಟಿಯೇ ಹೋಗಬೇಕು.

"ಪುಕ್ಸಟ್ಟೆ ಕೊಟ್ರೂ ಬ್ಯಾಡ," ಎಂದ ದತ್ತಾ ಕೊನೆಗೆ. "ಹೆಂಗ್ಸು ಉಪಾಸ ಕೂತ ಬಾಗ್ಲ ದಾಟಿದ್ರೆ, ನಾಳೆ ನಂಗೆ ಗಾಡಿ ಹೊಡೂಕೆ ಒಬ್ನೂ ಬರೂದಿಲ್ಲ. ಮನೇಲಿ ಹೆರಿಗೆ ಆದ್ರೆ ಸೂಲಗಿತ್ತಿನೂ ಬರೂದಿಲ್ಲ."

"ಪುಕ್ಕಲ!"

"ಹೌದ್ರಾ. ನಾ ಇಲ್ಲೇ ಬದುಕ್ಬೇಕಲ್ಲ," ಎಂದು ದತ್ತಾ ನಡೆದೇಬಿಟ್ಟ.

ಹರಿಶ್ಚಂದ್ರನ ಗಂಟಲು ಒಣಗಿತ್ತು. ಬಾವಿಯ ಹಗ್ಗ, ಕೊಡಪಾನಗಳನ್ನು ನೆರೆಯವರು ನಿನ್ನೆಯೇ ಒಯ್ದಿದ್ದರು. ದುರ್ಗಿಯ ರಟ್ಟೆ ಹಿಡಿದು ಎಳೆದು ಬಿಸಾಡಬೇಕೆನಿಸಿತು. ಎದುರಿನ ಜಗಲಿಗಳಲ್ಲಿ ಊರೇ ಕೂತು ನೋಡುತ್ತಿತ್ತು.

"ಪೊಲೀಸರನ್ನ ಕರೆಸ್ತೆ!"

"ಕರೆಸಿ. ನಮ್ಮವ್ರು ಹೋದಲ್ಲಿಗೇ ನಾನೂ ಹೋಗ್ತೆ."

ಅವನು ಪೊಲೀಸರನ್ನು ಕರೆಸಲಿಲ್ಲ. ಕರೆಸಿದರೆ ಇವಳ ಜಾಗದಲ್ಲಿ ನಾಳೆ ಇನ್ನೊಬ್ಬಳು ಕೂರುತ್ತಾಳೆಂದು ಅವನಿಗೂ ಗೊತ್ತಿತ್ತು. ಕಿಸೆಯಿಂದ ಬಾಡಿಗೆ ಕರಾರಿನ ಕಾಗದ ತೆಗೆದು ಅವಳೆದುರು ಕುಕ್ಕರಗಾಲಲ್ಲಿ ಕೂತ. ಹೊನ್ನನ ಹೆಂಡತಿಯೇ ಬಾಡಿಗೆದಾರಳೆಂದು ಒಪ್ಪಿದರೆ ಊರಿನ ಬಾಯಿ ಮುಚ್ಚುತ್ತದೆ. ಆಮೇಲೆ ಮನೆಯನ್ನು ಯಾರಿಗಾದರೂ ಮಾರಿ ಕೈತೊಳೆದುಕೊಳ್ಳಬಹುದು.

"ನೀನೇ ಇರು, ದುರ್ಗಿ. ತಿಂಗ್ಳಿಗೆ ಒಂದ್ರೂಪಾಯಿ."

ಅವಳು ಕಾಗದವನ್ನು ಅತ್ತ ತಳ್ಳಿದಳು.

"ಎಂಟಾಣೆ. ಹೋಗ್ಲಿ, ಒಂದಾಣೆ! ಇಲ್ಲೊಂದು ಹೆಬ್ಬೆಟ್ಟು ಒತ್ತು."

"ಒತ್ತಿದ್ರೆ ಮನೆ ಯಾರ್ದು?" ಅವಳ ತುಟಿ ಒಡೆದಿತ್ತು, ದನಿ ಒಡೆದಿರಲಿಲ್ಲ.

"ನಂದು. ಲಿಲಾವಲ್ಲಿ ತಕಂಡವ ನಾನಲ್ವಾ?"

"ಹಂಗಾರೆ ಕಾಸೂ ಕೊಡೂದಿಲ್ಲ. ನಮ್ಮನೇಲಿರೂಕೆ ಬಾಡ್ಗೆ ಯಂತದು?"

ಅವನು ತನ್ನದೇ ಒಂದಾಣೆ ತೆಗೆದು ಅವಳ ಕಾಲ ಬಳಿ ಇಟ್ಟು, ಕೈ ಚಾಚಿ ಅಂದ:

"ನಿನ್ನ ದುಡ್ಡು ಬ್ಯಾಡ. ಇದನ್ನೇ ಎತ್ತಿ ನನ್ನ ಕೈಗೆ ಹಾಕು. ಎಲ್ಲರೂ ನೋಡೂ ಹಾಂಗೆ. ಅಷ್ಟೇ ಸಾಕು."

ಚಾಚಿದ ಕೈಯನ್ನು ಅವನು ಹಿಂದಕ್ಕೆ ತೆಗೆಯಲಿಲ್ಲ. ದುರ್ಗಿ ರಸ್ತೆಯ ಕಡೆ ನೋಡುತ್ತ ಕೂತಿದ್ದಳು. ಅಂಗಳದ ಹೇಂಟೆಯೊಂದು ಮೆಟ್ಟಿಲು ಹತ್ತಿ ಬಂದು ಆಣೆಯನ್ನು ಎರಡು ಸಲ ಕುಕ್ಕಿ ನೋಡಿ, ಬಿಟ್ಟು ಹೋಯಿತು.